ಸಿದ್ಧವಾಗುವ ತನಕ

ಸೋಹಾರಿನಲ್ಲಿ ರಾತ್ರಿ ಹನ್ನೊಂದೂವರೆ.
ಕಿಟಕಿಯ ಗಾಜು ಹೊರಗಡೆಯಿಂದ ಬೆವರುತ್ತಿದೆ.
ಕೆಳಗೆ ಕರಕ್ ಚಹಾದಂಗಡಿಯ ಮುಂದೆ
ಕಾರುಗಳು ಹಾರ್ನ್ ಹೊಡೆದು ಕಪ್ ಬೇಡುತ್ತಿವೆ.
ನನ್ನೆದುರು ರಯ್ಯಾ ಬಲೂಶಿ ಬರೆದ
ಸಾವಿರದ ಇನ್ನೂರ ಆರು ಸಾಲು:
ಹೊಸ ಫ್ಲ್ಯಾಶ್ ಕಂಟ್ರೋಲರಿಗೆ ಹೊಸ ಡ್ರೈವರ್.
ಕರ್ನಲ್ಲಿನ ಒಳಮನೆಗೆ ಬಿಡುವ ಮುನ್ನ
ಹೊಸ್ತಿಲಲ್ಲಿ ತಡೆದು ಕೇಳುವುದು ನನ್ನ ಕೆಲಸ:
ಯಾರು, ಎಲ್ಲಿಂದ, ಕೈಕಾಲು ತೊಳೆದೆಯಾ?

ಪಾಟಿ ಗೊತ್ತಲ್ಲ, ಕಪ್ಪು ಕಲ್ಲಿನದು?
ಫ್ಲ್ಯಾಶ್ ಕೂಡ ಅಂಥದೇ, ಸ್ವಲ್ಪ ಮೊಂಡು.
ಒಂದನ್ನು ಸೊನ್ನೆ ಮಾಡು, ಸುಮ್ಮನಿರುತ್ತದೆ;
ಸೊನ್ನೆ ಮತ್ತೆ ಒಂದಾಗಬೇಕೆಂದರೆ
ಒಂದಕ್ಷರ ಒರೆಸಲು ಬಿಡುವುದಿಲ್ಲ,
ಇಡೀ ಪಾಟಿಯನ್ನೇ ಒರೆಸು ಎನ್ನುತ್ತದೆ.
ಒರೆಸಿದ್ದಕ್ಕೂ ಲೆಕ್ಕವಿದೆ. ಸವೆಯುತ್ತದೆ.
ಕೆಲವಂತೂ ಕಾರ್ಖಾನೆಯಿಂದಲೇ ಸೀಳು ಬಿಟ್ಟು ಬರುತ್ತವೆ,
ಮೂಲೆಯಲ್ಲೊಂದು ಗುರುತು: ಇಲ್ಲಿ ಬರೆಯಬೇಡಿ.

ಆ ಗುರುತನ್ನು ಓದದೆಯೇ ಅಳಿಸಿದ್ದಾಳೆ,
ನಾನೂರ ಹನ್ನೆರಡನೆಯ ಸಾಲಿನಲ್ಲಿ.
‘ತಾಯಿ, ಮೊದಲು ಗುರುತು ನೋಡು,
ಅಳಿಸಿದ ಮೇಲೆ ಕೆಟ್ಟದ್ದು ಯಾವುದೆಂದು
ದೇವರಿಗೂ ತಿಳಿಯದು’ ಎಂದು ಬರೆದೆ.
ತಾಯಿಯನ್ನು ತೆಗೆದೆ. ದೇವರನ್ನೂ ತೆಗೆದೆ.
ಉಳಿದದ್ದನ್ನು ಕಳಿಸಿದೆ.

ಒಮ್ಮೆ ನೋಡಿದ್ದೇನೆ ಅವಳನ್ನು, ಮೀನುಕಟ್ಟೆಯಲ್ಲಿ:
ಅಬಾಯಾದ ತೋಳು ಮಡಚಿ
ಸೋದರಮಾವನ ದೋಣಿಯ ಮೋಟರಿನ ಪಕ್ಕ
ಸಾಬೂನು ಡಬ್ಬಿಯಷ್ಟಗಲದ ಪೆಟ್ಟಿಗೆ ಕೂರಿಸುತ್ತಿದ್ದಳು.
ಬಲೆ ಎಲ್ಲಿ ಬಿಟ್ಟರು, ನೀರು ಎಷ್ಟು ಬಿಸಿ,
ಯಾವ ಮೀನು ಎಷ್ಟು, ಎಲ್ಲ ಅದರೊಳಗೆ.
ಮಲ್ಪೆಯ ನಾನು ಅಂಜಲ್ ಎಂದೆ,
ಅವಳು ಕನಅದ್ ಎಂದಳು,
ಮೀನು ಎರಡಕ್ಕೂ ತಿರುಗಿ ನೋಡಲಿಲ್ಲ.
ದಡ ಮುಟ್ಟಿದ್ದೇ ಮಾವ ಕೀಲಿ ತಿರುಗಿಸಿ ಆರಿಸಿದ.
ಬರೆದು ಮುಗಿಯಿತೇ ಎಂದು
ಪೆಟ್ಟಿಗೆಯನ್ನು ಕೇಳುವವರು ಯಾರು?

ತಪ್ಪು ತಿದ್ದುವ ಭಾಗ ಚೆನ್ನಾಗಿದೆ.
ಎಂಟು ಬಿಟ್ ಜಾರಿದರೂ ಎತ್ತಿ ಕೂರಿಸುತ್ತದೆ,
ಒಂಬತ್ತಾದರೆ ಆಗಲಿಲ್ಲ ಎಂದು ಹೇಳುತ್ತದೆ.
ಹೇಳುತ್ತದಲ್ಲ, ಅಷ್ಟು ಸಾಕು.

ಆರುನೂರ ಎಂಬತ್ತೆಂಟಕ್ಕೆ ಬಂದೆ.
ಸಿದ್ಧವೇ? ಇಲ್ಲ. ಸಿದ್ಧವೇ? ಇಲ್ಲ.
ಸಿದ್ಧವೇ?
ಸಿದ್ಧವಾಗುವ ತನಕ ಸುತ್ತುವ ಆರು ಸಾಲು.
‘ಆಗದೇ ಹೋದರೆ?’ ಎಂದು ಕೇಳಿದೆ.
‘ಚಿಪ್ ಸತ್ತಿದ್ದರೆ ಯಂತ್ರವೇ ಬಾಗಿಲಲ್ಲಿ ನಿಂತುಬಿಡುತ್ತದೆ.
ಗಡುವು ಹಾಕು, ಮೀರಿದರೆ ಸೋತೆ ಎಂದು ಹಿಂದಿರುಗು.
ಸೋತೆ ಎನ್ನಲು ಕರ್ನಲ್ಲಿನಲ್ಲಿ ನೂರಾರು ಸಂಖ್ಯೆಗಳಿವೆ,
ಒಂದನ್ನು ಆರಿಸಿಕೋ.’
ನನ್ನ ಮಾತು ನನಗೇ ಹಿಡಿಸಿತು.

ಉತ್ತರ ಹನ್ನೆರಡೂವರೆಗೆ:
‘ಸರ್, ಆ ಆರು ಸಾಲು ನನ್ನವಲ್ಲ.
ಈಗಾಗಲೇ ಒಳಗಿರುವ ಹಳೆಯ ಡ್ರೈವರಿನವು.
ಒಳಗಿದೆ ಎಂದ ಮೇಲೆ ಸರಿಯಿರಬೇಕು ಅಂದುಕೊಂಡೆ.’

ಹಳೆಯ ಕಡತ ತೆರೆದೆ.
ನೆತ್ತಿಯ ಮೇಲೆ ಹೆಸರು: ವಾಮನ ಕುಂದರ್.

ಹನ್ನೊಂದು ವರ್ಷ. ರೂವಿಯ ಕೋಣೆ,
ಆರು ಮಂಚ, ಏದುಸಿರು ಬಿಡುವ ಒಂದೇ ಎ.ಸಿ.,
ಉಳಿದವರು ಮಲಗಿದ ಮೇಲೆ
ಪರದೆಯ ಬೆಳಕಿಗೆ ಹೊದಿಕೆ ಮುಚ್ಚಿ ಬರೆದದ್ದು.
ನಾಲ್ಕು ತಿಂಗಳ ಸಂಬಳ ಬಂದಿರಲಿಲ್ಲ,
ಬಂತೇ ಎಂದು ದಿನಾ ಹೋಗಿ ಕೇಳುತ್ತಿದ್ದೆ.
ಇದನ್ನೂ ಯಾರೋ ಪರಿಶೀಲಿಸಿದ್ದರು,
ಅವರಿಗೂ ನಿದ್ದೆ ಬಂದಿರಬೇಕು.
ಅಂದಿನಿಂದ ಎಷ್ಟು ಯಂತ್ರಗಳು
ಆ ಸುತ್ತಿನಲ್ಲಿ ಸಿಕ್ಕಿ ನಿಂತವೋ,
ಯಾರ್ಯಾರು ಬೈದು ಸ್ವಿಚ್ ಆರಿಸಿ ಹಚ್ಚಿದರೋ,
ಬೈಗುಳ ಮಾತ್ರ ನನ್ನವರೆಗೆ ಬರಲಿಲ್ಲ.

‘ತಪ್ಪು ನನ್ನದು. ನಿನ್ನದನ್ನು ತಿದ್ದಿ ಕಳಿಸು,
ನನ್ನದನ್ನು ನಾನು ತಿದ್ದುತ್ತೇನೆ,
ನೀನು ನೋಡು.’
‘ನಾನಾ?’
‘ನೀನೇ.’

ಒಂದೂಕಾಲಿಗೆ ಕಳಿಸಿದೆ. ಒಂದೂವರೆಗೆ ಮರಳಿತು:
‘ಮೂರನೇ ಸಾಲು ನೋಡಿ ಸರ್.
ಗಡುವು ಮಿಲಿಸೆಕೆಂಡಿನಲ್ಲಿ ಬೇಕು,
ನೀವು ಮೈಕ್ರೊ ಹಾಕಿದ್ದೀರಿ.
ಚಿಪ್ ಕಣ್ಣು ಬಿಡುವ ಮೊದಲೇ ಸೋತೆ ಎನ್ನುತ್ತೀರಿ.’

ಮೆಟ್ಟಿಲಿಳಿದು ಹೋದೆ.
ಚಹಾದವನು ಪಾತ್ರೆ ತೊಳೆಯುತ್ತಿದ್ದ,
ತಲೆಯೆತ್ತದೆ ‘ಎರಡು ನಿಮಿಷ’ ಎಂದ.
ನಿಂತೆ.